ತಾಳೆಯಾಗದ ಬೀಜಕ, ಕೈತಪ್ಪುವ ತೆರಿಗೆ ಜಮೆ

ವ್ಯಾಪಾರದಲ್ಲಿ ನಷ್ಟವು ಎರಡು ಬಗೆಯಾಗಿ ಬರುತ್ತದೆ. ಸರಕು ಕೆಡುವುದು, ಸಾಲ ಮುಳುಗುವುದು, ಮಾರುಕಟ್ಟೆಯಲ್ಲಿ ದರ ಇಳಿಯುವುದು ಇವೆಲ್ಲ ಕಣ್ಣಿಗೆ ಕಾಣುವ ನಷ್ಟಗಳು. ಇವುಗಳ ವಿಷಯದಲ್ಲಿ ವರ್ತಕ ಸಮುದಾಯವು ತಲೆಮಾರುಗಳಿಂದ ಎಚ್ಚರ ವಹಿಸುತ್ತ ಬಂದಿದೆ. ಕಣ್ಣಿಗೆ ಕಾಣದ ನಷ್ಟ ಇನ್ನೊಂದಿದೆ. ಅದು ಬೀಜಕದ ಸಂಖ್ಯೆಯ ನಡುವಿನ ಒಂದು ಓರೆಗೆರೆಯಲ್ಲಿ, ಹೆಸರಿನ ಕೊನೆಯಲ್ಲಿ ಉಳಿದ ಒಂದು ಖಾಲಿ ಜಾಗದಲ್ಲಿ, ತಿರುಗುಮುರುಗಾದ ಒಂದು ದಿನಾಂಕದಲ್ಲಿ ಅಡಗಿರುತ್ತದೆ. ಅಂಗಡಿಯ ಗಣಕಯಂತ್ರದಲ್ಲಿರುವ ಎಕ್ಸೆಲ್ ಹಾಳೆಯಲ್ಲಿ ಪ್ರತಿ ತಿಂಗಳೂ ಸಂಭವಿಸುವ ಈ ನಷ್ಟವು ಯಾವ ಲಾಭ-ನಷ್ಟ ಪಟ್ಟಿಯಲ್ಲಿಯೂ ಪ್ರತ್ಯೇಕವಾಗಿ ನಮೂದಾಗುವುದಿಲ್ಲ. ಆದುದರಿಂದಲೇ ಅದರ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ದತ್ತಾಂಶವನ್ನು ಆಮದು ಮಾಡಿಕೊಳ್ಳುವುದು, ಶುದ್ಧಗೊಳಿಸುವುದು ಮತ್ತು ಸಾರಾಂಶಗೊಳಿಸುವುದು ಕಚೇರಿಯ ಕಿರಿಯ ನೌಕರನ ಕೆಲಸವೆಂಬ ಭಾವನೆ ಇಂದಿಗೂ ವ್ಯಾಪಕವಾಗಿದೆ. ಸರಕು ಮತ್ತು ಸೇವಾ ತೆರಿಗೆಯ ಇಂದಿನ ವ್ಯವಸ್ಥೆಯಲ್ಲಿ ಈ ಭಾವನೆಗೆ ತೆರಬೇಕಾದ ಬೆಲೆ ಸಣ್ಣದಲ್ಲ. ಕಿರ್ದಿ ಬರೆಯುವುದು, ಖಾತೆಗೆ ಏರಿಸುವುದು ಎಷ್ಟು ಮುಖ್ಯವೋ ಈ ಕೆಲಸವೂ ಅಷ್ಟೇ ಮುಖ್ಯ; ವಸ್ತುತಃ ಇದು ಲೆಕ್ಕ ಬರೆಯುವ ಕೆಲಸದ್ದೇ ಒಂದು ಭಾಗ.

ಕಾನೂನಿನ ಹಿನ್ನೆಲೆ

ರಾಜ್ಯದಲ್ಲಿ 2005ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದ ಮೌಲ್ಯವರ್ಧಿತ ತೆರಿಗೆಯ ಕಾಲದಲ್ಲಿ, ಖರೀದಿದಾರನ ಕೈಯಲ್ಲಿದ್ದ ತೆರಿಗೆ ಬೀಜಕವೇ ಹೂಡುವಳಿ ತೆರಿಗೆಯ ಜಮೆಗೆ ಮುಖ್ಯ ಆಧಾರವಾಗಿತ್ತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಈ ಆಧಾರ ಕ್ರಮೇಣ ಬದಲಾಯಿತು. ಮಾರಾಟಗಾರನು ತನ್ನ ವಿವರಪಟ್ಟಿಯಲ್ಲಿ ತೋರಿಸದ ಬೀಜಕಗಳ ಮೇಲಿನ ಜಮೆಗೆ 2019ರ ಅಕ್ಟೋಬರ್‌ನಲ್ಲಿ ಶೇ. 20ರ ಮಿತಿ ಬಂತು. ಅದು 2020ರ ಜನವರಿಯಲ್ಲಿ ಶೇ. 10ಕ್ಕೆ, 2021ರ ಜನವರಿಯಲ್ಲಿ ಶೇ. 5ಕ್ಕೆ ಇಳಿಯಿತು. 2022ರ ಜನವರಿ 1ರಿಂದ ಅದೂ ಇಲ್ಲ. ಮಾರಾಟಗಾರನು ತೋರಿಸಿ, ಖರೀದಿದಾರನ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣಿಸಿಕೊಂಡ ಬೀಜಕಕ್ಕೆ ಮಾತ್ರ ಜಮೆ ದೊರೆಯುತ್ತದೆ.

ಈ ಪಟ್ಟಿ ಸಾಮಾನ್ಯವಾಗಿ ಮುಂದಿನ ತಿಂಗಳ 14ರಂದು ಸಿದ್ಧವಾಗುತ್ತದೆ. ಮಾಸಿಕ ವಿವರಪಟ್ಟಿ ಸಲ್ಲಿಸುವವರಿಗೆ 3ಬಿ ನಮೂನೆಯ ಕೊನೆಯ ದಿನ 20. ನಡುವೆ ಉಳಿಯುವುದು ಆರು ದಿನಗಳು ಮಾತ್ರ. ಇಷ್ಟರೊಳಗೆ ಖರೀದಿ ಪುಸ್ತಕವನ್ನೂ 2ಬಿ ಪಟ್ಟಿಯನ್ನೂ ತಾಳೆ ನೋಡಬೇಕು. 2024ರ ಅಕ್ಟೋಬರ್‌ನಲ್ಲಿ ಬಂದ ಬೀಜಕ ನಿರ್ವಹಣಾ ವ್ಯವಸ್ಥೆಯಲ್ಲಿ ಪ್ರತಿ ಬೀಜಕವನ್ನು ಒಪ್ಪುವ, ತಿರಸ್ಕರಿಸುವ ಅಥವಾ ಬಾಕಿ ಇಡುವ ಅವಕಾಶವೂ ಖರೀದಿದಾರನಿಗೆ ದೊರೆತಿದೆ. ಏನನ್ನೂ ಮಾಡದಿದ್ದರೆ ಬೀಜಕವನ್ನು ಒಪ್ಪಿದಂತೆಯೇ ಪರಿಗಣಿಸಲಾಗುತ್ತದೆ. ಅಂದರೆ ಸುಮ್ಮನಿರುವುದೂ ಒಂದು ತೀರ್ಮಾನವೇ ಆಗಿಬಿಡುತ್ತದೆ. ಬಿಟ್ಟುಹೋದ ಜಮೆಯನ್ನು ಪಡೆಯಲು, ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಪಟ್ಟಿ ಸಲ್ಲಿಸುವ ದಿನ, ಇವುಗಳಲ್ಲಿ ಯಾವುದು ಮೊದಲೋ ಅದೇ ಗಡುವು. ತಪ್ಪಾಗಿ ಪಡೆದು ಬಳಸಿಕೊಂಡ ಜಮೆಗೆ ವಾರ್ಷಿಕ ಶೇ. 18ರ ಬಡ್ಡಿ ತೆರಬೇಕು. ಹೀಗೆ ಕಡಿಮೆ ಪಡೆದರೂ ನಷ್ಟ, ಹೆಚ್ಚು ಪಡೆದರೂ ನಷ್ಟ.

ಸುಳ್ಳು ವ್ಯತ್ಯಾಸಗಳ ಮರೆಯಲ್ಲಿ ನಿಜ ವ್ಯತ್ಯಾಸ

ಒಂದು ಕಾಲ್ಪನಿಕ ಉದಾಹರಣೆಯಿಂದ ವಿಷಯ ಸ್ಪಷ್ಟವಾದೀತು. ಹುಬ್ಬಳ್ಳಿಯ ಹಾರ್ಡ್‌ವೇರ್ ಸಗಟು ವ್ಯಾಪಾರಿಯೊಬ್ಬರ ಒಂದು ತಿಂಗಳ ಖರೀದಿ ಪುಸ್ತಕದಲ್ಲಿ 412 ಬೀಜಕಗಳಿವೆ. ಅವುಗಳ ಮೇಲಿನ ತೆರಿಗೆ ರೂ. 9,86,450. ಅದೇ ತಿಂಗಳ 2ಬಿ ಪಟ್ಟಿಯಲ್ಲಿ 405 ಬೀಜಕಗಳೂ ರೂ. 9,61,210 ತೆರಿಗೆಯೂ ಇವೆ. ಇದ್ದುದನ್ನು ಇದ್ದಂತೆಯೇ ಹೋಲಿಸಿದರೆ 318 ಬೀಜಕಗಳು ಮಾತ್ರ ತಾಳೆಯಾಗುತ್ತವೆ. ಪುಸ್ತಕದ ಕಡೆ 94, ಪಟ್ಟಿಯ ಕಡೆ 87, ಒಟ್ಟು 181 ಸಾಲುಗಳು ಉಳಿಯುತ್ತವೆ.

ಆರು ದಿನಗಳಲ್ಲಿ 181 ಸಾಲುಗಳನ್ನು ಒಂದೊಂದಾಗಿ ನೋಡಲು ಯಾವ ಗುಮಾಸ್ತನಿಗೂ ಬಿಡುವಿರುವುದಿಲ್ಲ. ಆದ್ದರಿಂದ 20ರ ರಾತ್ರಿ 2ಬಿಯ ಮೊತ್ತವನ್ನೇ ವಿವರಪಟ್ಟಿಗೆ ಹಾಕಿ ಕೈತೊಳೆದುಕೊಳ್ಳಲಾಗುತ್ತದೆ. ಉಳಿದದ್ದನ್ನು ಮುಂದಿನ ತಿಂಗಳು ನೋಡೋಣವೆಂಬ ಮಾತಿನೊಂದಿಗೆ ಹಾಳೆ ಮುಚ್ಚುತ್ತದೆ.

ಅದೇ ದತ್ತಾಂಶವನ್ನು ಮೊದಲು ಶುದ್ಧಗೊಳಿಸಿ ಹೋಲಿಸಿದರೆ 401 ಬೀಜಕಗಳು ತಾಳೆಯಾಗುತ್ತವೆ. ಪುಸ್ತಕದಲ್ಲಿ ಮಾತ್ರ ಇರುವ 11 ಬೀಜಕಗಳ ತೆರಿಗೆ ರೂ. 31,640, ಪಟ್ಟಿಯಲ್ಲಿ ಮಾತ್ರ ಇರುವ 4 ಬೀಜಕಗಳ ತೆರಿಗೆ ರೂ. 6,400. ಇವೆರಡರ ಅಂತರವಾದ ರೂ. 25,240 ಮೇಲೆ ಹೇಳಿದ ಎರಡು ಮೊತ್ತಗಳ ಅಂತರಕ್ಕೆ ಸರಿಯಾಗಿ ಸಮನಾಗಿದೆ. ನೋಡಬೇಕಾದ ಸಾಲುಗಳು 181ರಿಂದ 15ಕ್ಕೆ ಇಳಿದವು. ಹದಿನೈದನ್ನು ಒಂದು ಮಧ್ಯಾಹ್ನದಲ್ಲಿ ನೋಡಿ ಮುಗಿಸಬಹುದು. ನೋಡಿದಾಗ ತಿಳಿಯುವುದಿಷ್ಟು: ಹನ್ನೊಂದರಲ್ಲಿ ಐದು ಬೀಜಕಗಳನ್ನು ಮಾರಾಟಗಾರರು ತೋರಿಸಿಯೇ ಇಲ್ಲ, ಅವುಗಳ ತೆರಿಗೆ ರೂ. 18,900. ನಾಲ್ಕು ಬೀಜಕಗಳು ತ್ರೈಮಾಸಿಕ ವಿವರಪಟ್ಟಿ ಸಲ್ಲಿಸುವವರವು, ತೆರಿಗೆ ರೂ. 8,240. ಉಳಿದ ಎರಡರಲ್ಲಿ ಮಾರಾಟಗಾರನ ಬೇರೊಂದು ರಾಜ್ಯದ ಶಾಖೆಯ ನೋಂದಣಿ ಸಂಖ್ಯೆ ಪುಸ್ತಕಕ್ಕೆ ಏರಿದೆ, ತೆರಿಗೆ ರೂ. 4,500. ಪಟ್ಟಿಯ ಕಡೆಯ ನಾಲ್ಕರಲ್ಲಿ ಎರಡು ಇವುಗಳ ಜೋಡಿಯೇ. ಇನ್ನೆರಡು ಬಿಲ್ಲುಗಳು ಗೋದಾಮಿನಲ್ಲಿಯೇ ಉಳಿದು ಲೆಕ್ಕಕ್ಕೆ ಬಂದಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವಿದೆ. ವ್ಯಾಪಾರಿಗೆ ನಿಜವಾಗಿ ಬೇಕಾಗಿದ್ದದ್ದು ಆ ಐದು ಬೀಜಕಗಳ ಸುಳಿವು. ಮಾರಾಟಗಾರನಿಗೆ ಹಣ ಸಂದಾಯವಾಗುವ ಮೊದಲೇ ಅದು ತಿಳಿದಿದ್ದರೆ ಒಂದು ದೂರವಾಣಿ ಕರೆಯಲ್ಲಿ ರೂ. 18,900 ಉಳಿಯುತ್ತಿತ್ತು. ಹಣ ಕೊಟ್ಟು ಎಂಟು ತಿಂಗಳಾದ ಮೇಲೆ ತಿಳಿದರೆ ಬೇಡಿಕೊಳ್ಳುವುದೊಂದೇ ದಾರಿ. ಶುದ್ಧವಲ್ಲದ ದತ್ತಾಂಶದ ಅಪಾಯ ಇಲ್ಲಿದೆ. ಅದು ಹಣವನ್ನು ನೇರವಾಗಿ ಕದಿಯುವುದಿಲ್ಲ. ನೂರಾರು ಸುಳ್ಳು ವ್ಯತ್ಯಾಸಗಳನ್ನು ಹುಟ್ಟಿಸಿ, ಅವುಗಳ ಸಂದಣಿಯಲ್ಲಿ ನಿಜವಾದ ವ್ಯತ್ಯಾಸವನ್ನು ಮರೆಮಾಡುತ್ತದೆ.

ಆಮದಿನಲ್ಲಿಯೇ ಆಗುವ ಕೆಡುಕು

ಸುಳ್ಳು ವ್ಯತ್ಯಾಸಗಳು ಹುಟ್ಟುವ ಮೊದಲ ಜಾಗ ಕಡತವನ್ನು ತೆರೆಯುವ ಕ್ಷಣ. ಬ್ಯಾಂಕಿನಿಂದಲೋ ಲೆಕ್ಕಪತ್ರ ತಂತ್ರಾಂಶದಿಂದಲೋ ಬಂದ ಸಿಎಸ್‌ವಿ ಕಡತವನ್ನು ನೇರವಾಗಿ ಎರಡು ಬಾರಿ ಒತ್ತಿ ತೆರೆದರೆ, ಪ್ರತಿ ಚೌಕದಲ್ಲಿರುವುದು ಏನೆಂಬುದನ್ನು ಎಕ್ಸೆಲ್ ತಾನೇ ಊಹಿಸುತ್ತದೆ. 00147 ಎಂಬ ಬೀಜಕ ಸಂಖ್ಯೆ 147 ಆಗುತ್ತದೆ. 12-3 ಎಂಬುದು ದಿನಾಂಕವಾಗುತ್ತದೆ. ಹನ್ನೆರಡು ಅಂಕಿಗಳ ಇ-ವೇ ಬಿಲ್ ಸಂಖ್ಯೆ ಘಾತರೂಪದಲ್ಲಿ ಕಾಣಿಸುತ್ತದೆ. ಹದಿನೈದು ಅಂಕಿಗಳಿಗಿಂತ ಉದ್ದದ ಸಂಖ್ಯೆಯಲ್ಲಿ ಹದಿನಾರನೆಯ ಅಂಕಿಯಿಂದ ಮುಂದಿನವೆಲ್ಲ ಸೊನ್ನೆಗಳಾಗುತ್ತವೆ; ಉಳಿಸಿ ಮುಚ್ಚಿದ ಮೇಲೆ ಅವನ್ನು ಮರಳಿ ಪಡೆಯುವ ದಾರಿಯಿಲ್ಲ.

ಈ ಊಹೆಯ ತೊಂದರೆ ಅಂಗಡಿಗಳಿಗೆ ಸೀಮಿತವಲ್ಲ. ಮಾನವ ಜೀನುಗಳ ಕೆಲವು ಸಂಕೇತನಾಮಗಳು ಮಾರ್ಚ್, ಸೆಪ್ಟೆಂಬರ್ ತಿಂಗಳ ಇಂಗ್ಲಿಷ್ ಹ್ರಸ್ವರೂಪಗಳನ್ನು ಹೋಲುತ್ತಿದ್ದುದರಿಂದ ವಿಜ್ಞಾನಿಗಳ ಹಾಳೆಗಳಲ್ಲಿ ಅವು ದಿನಾಂಕಗಳಾಗಿ ಮಾರ್ಪಡುತ್ತಿದ್ದವು. ಕೊನೆಗೆ 2020ರಲ್ಲಿ ಆ ಜೀನುಗಳ ಹೆಸರುಗಳನ್ನೇ ಬದಲಿಸಬೇಕಾಯಿತು. ವಿಜ್ಞಾನಿಗಳು ಹೆಸರು ಬದಲಿಸಬಲ್ಲರು. ಆದರೆ ವರ್ತಕನಿಗೆ ಮಾರಾಟಗಾರನ ಬೀಜಕ ಸಂಖ್ಯೆಯನ್ನು ಬದಲಿಸುವ ಅಧಿಕಾರವಿಲ್ಲ.

ಪರಿಹಾರ ಸರಳವಾಗಿದೆ. ಕಡತವನ್ನು ನೇರವಾಗಿ ತೆರೆಯದೆ, ಖಾಲಿ ಹಾಳೆಯೊಂದನ್ನು ತೆರೆದು, 'ಡೇಟಾ' ಪಟ್ಟಿಯಿಂದ ಪಠ್ಯ ಕಡತವನ್ನು ಆಮದು ಮಾಡಿಕೊಳ್ಳಬೇಕು. ಬೀಜಕ ಸಂಖ್ಯೆ, ನೋಂದಣಿ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಇವುಗಳ ಕಾಲಂಗಳನ್ನು 'ಟೆಕ್ಸ್ಟ್' ಎಂದು ಗುರುತಿಸಬೇಕು. ಕೂಡಿಸಲು, ಗುಣಿಸಲು ಅರ್ಥವಿಲ್ಲದ ಸಂಖ್ಯೆಯೆಲ್ಲವೂ ಪಠ್ಯವೇ ಎಂಬ ನಿಯಮ ನೆನಪಿಡಲು ಸುಲಭ. ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಕ್ಯಾಲ್ಕ್ ತಂತ್ರಾಂಶವು ಸಿಎಸ್‌ವಿ ಕಡತ ತೆರೆಯುವಾಗಲೇ ಪ್ರತಿ ಕಾಲಂನ ಬಗೆಯನ್ನು ಗೊತ್ತುಮಾಡುವ ಕಿಟಕಿಯನ್ನು ಮುಂದಿಡುತ್ತದೆ. ಪರವಾನಗಿಗೆ ಹಣ ಹಾಕಲಾಗದ ಸಣ್ಣ ಸಂಸ್ಥೆಗಳಿಗೆ ಅದೇ ಸಾಕು.

ದಿನಾಂಕದ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಗಣಕಯಂತ್ರವು ಅಮೆರಿಕದ ಪದ್ಧತಿಗೆ ಹೊಂದಿಸಲ್ಪಟ್ಟಿದ್ದರೆ 03/04/2024 ಎಂಬುದು ಏಪ್ರಿಲ್ 3ರ ಬದಲು ಮಾರ್ಚ್ 4 ಆಗುತ್ತದೆ. 13ರಿಂದ ಮುಂದಿನ ದಿನಗಳು ಮಾತ್ರ ದಿನಾಂಕವಾಗದೆ ಪಠ್ಯವಾಗಿಯೇ ಉಳಿಯುತ್ತವೆ. ಒಂದೇ ಕಾಲಂನಲ್ಲಿ ಕೆಲವು ದಿನಾಂಕಗಳು ಬಲಕ್ಕೂ ಕೆಲವು ಎಡಕ್ಕೂ ಸರಿದು ನಿಂತಿದ್ದರೆ ಈ ದೋಷವಿದೆಯೆಂದೇ ತಿಳಿಯಬೇಕು. ಇದರ ಪರಿಣಾಮ ಒಂದು ತಿಂಗಳ ಅಂತರಕ್ಕೆ ನಿಲ್ಲುವುದಿಲ್ಲ. ಏಪ್ರಿಲ್ 3ರ ಬೀಜಕ ಮಾರ್ಚ್ 4ಕ್ಕೆ ಸರಿದರೆ ಹಿಂದಿನ ಆರ್ಥಿಕ ವರ್ಷಕ್ಕೆ ಸೇರಿಹೋಗುತ್ತದೆ. ಜಮೆಯ ಗಡುವಿನ ಲೆಕ್ಕಾಚಾರವೇ ಒಂದು ವರ್ಷ ಹಿಂದಕ್ಕೆ ಹೋಗುತ್ತದೆ. 'ಟೆಕ್ಸ್ಟ್ ಟು ಕಾಲಮ್ಸ್' ಸೌಲಭ್ಯದ ಕೊನೆಯ ಹಂತದಲ್ಲಿ ದಿನ-ತಿಂಗಳು-ವರ್ಷ ಎಂಬ ಕ್ರಮವನ್ನು ಆರಿಸಿದರೆ ಪಠ್ಯವಾಗಿರುವ ದಿನಾಂಕಗಳು ಸರಿಯಾಗುತ್ತವೆ. ಆದರೆ ಈಗಾಗಲೇ ತಪ್ಪು ದಿನಾಂಕವಾಗಿ ಮಾರ್ಪಟ್ಟವು ಇದರಿಂದ ಸರಿಯಾಗುವುದಿಲ್ಲ. ಅಂಥ ಸಂದರ್ಭದಲ್ಲಿ ಮೂಲ ಕಡತದಿಂದಲೇ ಮತ್ತೊಮ್ಮೆ ಆಮದು ಮಾಡಿಕೊಳ್ಳುವುದು ಲೇಸು.

ಶುದ್ಧೀಕರಣಕ್ಕೊಂದು ಕ್ರಮ

ಮತ್ತೊಮ್ಮೆ ಆಮದು ಮಾಡಿಕೊಳ್ಳಬೇಕಾದರೆ ಮೂಲ ಕಡತ ಉಳಿದಿರಬೇಕು. ಆದ್ದರಿಂದ ಮೊದಲ ನಿಯಮ, ಅಸಲನ್ನು ಮುಟ್ಟದಿರುವುದು. ಒಂದೇ ಕಡತದಲ್ಲಿ 'ಅಸಲು', 'ಶುದ್ಧ', 'ಸಾರಾಂಶ' ಎಂಬ ಮೂರು ಹಾಳೆಗಳಿರಲಿ. ಬಂದದ್ದು ಬಂದಂತೆಯೇ ಮೊದಲನೆಯದರಲ್ಲಿ ಇರಬೇಕು. ಎರಡನೆಯದು ಅದರಿಂದ ಸೂತ್ರಗಳ ಮೂಲಕ ಹುಟ್ಟಬೇಕು. ಮೂರನೆಯದು ಎರಡನೆಯದರ ಫಲವಾಗಿರಬೇಕು. 2ಬಿ ಹಾಳೆಯಲ್ಲಿ ತಲೆಬರಹಗಳು ಒಂದಕ್ಕಿಂತ ಹೆಚ್ಚು ಸಾಲುಗಳಲ್ಲಿ ಹರಡಿ, ಕೆಲವು ಚೌಕಗಳು ಒಂದಕ್ಕೊಂದು ಬೆಸೆದಿರುತ್ತವೆ. 'ಶುದ್ಧ' ಹಾಳೆಯಲ್ಲಿ ತಲೆಬರಹ ಒಂದೇ ಸಾಲಿನಲ್ಲಿರಬೇಕು. ಬೆಸೆದ ಚೌಕಗಳೂ ನಡುವೆ ಖಾಲಿ ಸಾಲುಗಳೂ ಇರಕೂಡದು.

ಎರಡನೆಯದು ಅಕ್ಷರಗಳ ಶುದ್ಧಿ. ಹಿಂದು ಮುಂದಿನ ಖಾಲಿ ಜಾಗಗಳನ್ನು 'ಟ್ರಿಮ್' ಸೂತ್ರವೂ, ಮುದ್ರಣವಾಗದ ಚಿಹ್ನೆಗಳನ್ನು 'ಕ್ಲೀನ್' ಸೂತ್ರವೂ ತೆಗೆಯುತ್ತವೆ. ಜಾಲತಾಣಗಳಿಂದ ನಕಲಿಸಿದ ದತ್ತಾಂಶದಲ್ಲಿ ಇನ್ನೊಂದು ಬಗೆಯ ಖಾಲಿ ಜಾಗವಿರುತ್ತದೆ. ನೋಡಲು ಸಾಮಾನ್ಯ ಖಾಲಿ ಜಾಗದಂತೆಯೇ ಇದ್ದರೂ ಅದರ ಸಂಕೇತ 160 ಆದುದರಿಂದ 'ಟ್ರಿಮ್' ಅದನ್ನು ಮುಟ್ಟುವುದಿಲ್ಲ. 'ಸಬ್‌ಸ್ಟಿಟ್ಯೂಟ್' ಸೂತ್ರದಿಂದ ಅದನ್ನು ಮೊದಲೇ ತೆಗೆಯಬೇಕು. 'ಅಪ್ಪರ್' ಸೂತ್ರವು ಎಲ್ಲವನ್ನೂ ದೊಡ್ಡಕ್ಷರಕ್ಕೆ ತರುತ್ತದೆ.

ಮೂರನೆಯದು ನೋಂದಣಿ ಸಂಖ್ಯೆಯ ಪರೀಕ್ಷೆ. ಜಿಎಸ್‌ಟಿ ನೋಂದಣಿ ಸಂಖ್ಯೆಯಲ್ಲಿ 15 ಚಿಹ್ನೆಗಳಿರಬೇಕು. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ನಂತರದ ಹತ್ತು ಪ್ಯಾನ್ ಸಂಖ್ಯೆ. 'ಲೆನ್' ಸೂತ್ರದಿಂದ ಉದ್ದವನ್ನು ನೋಡಿದರೆ ಬಿಟ್ಟುಹೋದ ಅಕ್ಷರ ಕೂಡಲೇ ಸಿಗುತ್ತದೆ. 'ಮಿಡ್' ಸೂತ್ರದಿಂದ ಮೂರನೆಯ ಸ್ಥಾನದಿಂದ ಹತ್ತು ಚಿಹ್ನೆಗಳನ್ನು ಬೇರೆ ಕಾಲಂಗೆ ತೆಗೆದಿಟ್ಟರೆ ಮಾರಾಟಗಾರನ ಎಲ್ಲ ರಾಜ್ಯಗಳ ಶಾಖೆಗಳೂ ಒಂದೇ ಪ್ಯಾನ್ ಕೆಳಗೆ ಕಾಣುತ್ತವೆ. ಹುಬ್ಬಳ್ಳಿಯ ಉದಾಹರಣೆಯಲ್ಲಿ ತಪ್ಪು ಶಾಖೆಗೆ ಏರಿದ ಎರಡು ಬೀಜಕಗಳು ತಮ್ಮ ಜೋಡಿಯನ್ನು ಕಂಡುಕೊಳ್ಳುವುದು ಈ ಕಾಲಂನಿಂದಲೇ.

ನಾಲ್ಕನೆಯದು, ಮತ್ತು ಅತ್ಯಂತ ಮುಖ್ಯವಾದದ್ದು, ಬೀಜಕ ಸಂಖ್ಯೆ. ನಿಯಮದ ಪ್ರಕಾರ ಅದು 16 ಚಿಹ್ನೆಗಳನ್ನು ಮೀರುವಂತಿಲ್ಲ. ಅಕ್ಷರ, ಅಂಕಿ, ಅಡ್ಡಗೆರೆ ಮತ್ತು ಓರೆಗೆರೆಗೆ ಅವಕಾಶವಿದೆ. ಮಾರಾಟಗಾರನು 'ಎಸ್‌ಟಿ/0147/24-25' ಎಂದು ತೋರಿಸಿರುತ್ತಾನೆ. ಖರೀದಿದಾರನ ಗುಮಾಸ್ತನು 'ಎಸ್‌ಟಿ-147' ಎಂದು ಬರೆದಿರುತ್ತಾನೆ. ಮನುಷ್ಯನ ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಗೆರೆಗಳು, ಮೊದಲ ಸೊನ್ನೆಗಳು, ವರ್ಷದ ಭಾಗ ಇವುಗಳನ್ನು ತೆಗೆದು ಒಂದು ಹೋಲಿಕೆ-ಸಂಖ್ಯೆಯನ್ನು ಪ್ರತ್ಯೇಕ ಕಾಲಂನಲ್ಲಿ ಸಿದ್ಧಪಡಿಸಬೇಕು.

ಆದರೆ ಶುದ್ಧಿಯೂ ಅತಿಯಾಗಬಾರದು. 'ಎ/1/12' ಮತ್ತು 'ಎ/11/2' ಎಂಬ ಎರಡು ಬೇರೆ ಬೀಜಕಗಳು ಗೆರೆಗಳನ್ನು ತೆಗೆದೊಡನೆ 'ಎ112' ಎಂಬ ಒಂದೇ ಸಂಖ್ಯೆಯಾಗುತ್ತವೆ. ಆದ್ದರಿಂದ ತಾಳೆ ನೋಡುವುದು ಎರಡು ಸುತ್ತುಗಳಲ್ಲಿ ನಡೆಯಬೇಕು. ಮೊದಲ ಸುತ್ತಿನಲ್ಲಿ ನೋಂದಣಿ ಸಂಖ್ಯೆ ಮತ್ತು ಬೀಜಕ ಸಂಖ್ಯೆ ಇದ್ದಂತೆಯೇ ಹೊಂದುವ ಸಾಲುಗಳನ್ನು ಬೇರ್ಪಡಿಸಬೇಕು. ಉಳಿದವುಗಳಿಗೆ ಮಾತ್ರ ಎರಡನೆಯ ಸುತ್ತಿನಲ್ಲಿ ಹೋಲಿಕೆ-ಸಂಖ್ಯೆಯನ್ನು ಬಳಸಬೇಕು. ಜೊತೆಗೆ ತೆರಿಗೆಯ ಮೊತ್ತವೂ ಒಂದು ರೂಪಾಯಿಯ ಅಂತರದೊಳಗೆ ಹೊಂದಬೇಕೆಂಬ ಷರತ್ತನ್ನು ಇಡಬೇಕು. ಹೋಲಿಕೆಗೆ ಮುನ್ನ 'ಕೌಂಟಿಫ್ಸ್' ಸೂತ್ರದಿಂದ ಪುಸ್ತಕದಲ್ಲಿ ಒಂದೇ ಬೀಜಕ ಎರಡು ಬಾರಿ ಏರಿದೆಯೇ ಎಂದು ನೋಡಬೇಕು. ವಾಟ್ಸಾಪ್‌ನಲ್ಲಿ ಬಂದ ನಕಲಿನಿಂದ ಒಮ್ಮೆ, ಅಂಚೆಯಲ್ಲಿ ಬಂದ ಅಸಲಿನಿಂದ ಇನ್ನೊಮ್ಮೆ ಏರುವುದು ಅಪರೂಪವಲ್ಲ. 'ವಿ-ಲುಕಪ್' ಬಳಸುವವರು ಕೊನೆಯ ಸ್ಥಾನದಲ್ಲಿ 'ಫಾಲ್ಸ್' ಎಂದು ಬರೆಯಲು ಮರೆಯಕೂಡದು. ಬಿಟ್ಟರೆ ಸೂತ್ರವು ನಿಖರ ಹೋಲಿಕೆಯನ್ನಲ್ಲದೆ ಹತ್ತಿರದ ಹೋಲಿಕೆಯನ್ನು ಹುಡುಕಿ, ಯಾವ ಎಚ್ಚರಿಕೆಯನ್ನೂ ನೀಡದೆ ತಪ್ಪು ಉತ್ತರ ಕೊಡಬಹುದು.

ಪ್ರತಿ ತಿಂಗಳೂ ಇದನ್ನೆಲ್ಲ ಹೊಸದಾಗಿ ಮಾಡಬೇಕಾಗಿಲ್ಲ. 2016ರ ಆವೃತ್ತಿಯಿಂದ ಎಕ್ಸೆಲ್‌ನ ಒಳಗೇ ಇರುವ 'ಪವರ್ ಕ್ವೆರಿ' ಸೌಲಭ್ಯವು ಶುದ್ಧೀಕರಣದ ಪ್ರತಿ ಹೆಜ್ಜೆಯನ್ನೂ ಕ್ರಮವಾಗಿ ದಾಖಲಿಸಿಡುತ್ತದೆ. ಮುಂದಿನ ತಿಂಗಳ ಕಡತವನ್ನು ಅದೇ ಜಾಗದಲ್ಲಿಟ್ಟು 'ರಿಫ್ರೆಶ್' ಒತ್ತಿದರೆ ಅವೇ ಹೆಜ್ಜೆಗಳು ಮರುಕಳಿಸುತ್ತವೆ. ನೌಕರ ಬದಲಾದರೂ ಕ್ರಮ ಉಳಿಯುತ್ತದೆ. ಸಣ್ಣ ಸಂಸ್ಥೆಗೆ ಇದರಿಂದ ದೊರೆಯುವ ದೊಡ್ಡ ಪ್ರಯೋಜನ ಇದೇ.

ಸಾರಾಂಶ ಯಾರಿಗಾಗಿ?

ತಾಳೆಯ ಹಾಳೆ ಎಷ್ಟೇ ಶುದ್ಧವಾಗಿದ್ದರೂ ಅದನ್ನು ನೋಡಿದ ಮಾಲೀಕನು ಮುಂದೇನು ಮಾಡಬೇಕೆಂಬುದನ್ನು ಹೇಳದಿದ್ದರೆ ವ್ಯರ್ಥ. ಅನೇಕ ಕಚೇರಿಗಳಲ್ಲಿ ಬೀಜಕವಾರು ಉದ್ದನೆಯ ಪಟ್ಟಿಯನ್ನು ಮುದ್ರಿಸಿ ಮಾಲೀಕನ ಮೇಜಿನ ಮೇಲಿಡಲಾಗುತ್ತದೆ. ಅದನ್ನು ಯಾರೂ ಓದುವುದಿಲ್ಲ. 'ಪಿವಟ್ ಟೇಬಲ್' ಬಳಸಿ ಅದನ್ನು ಮಾರಾಟಗಾರವಾರು ಮಡಿಚಿದರೆ, ಯಾರ ಬಳಿ ಎಷ್ಟು ತೆರಿಗೆ ಸಿಕ್ಕಿಬಿದ್ದಿದೆ ಎಂಬುದು ದೊಡ್ಡ ಮೊತ್ತದಿಂದ ಸಣ್ಣ ಮೊತ್ತಕ್ಕೆ ಇಳಿಯುವ ಕ್ರಮದಲ್ಲಿ ಕಾಣುತ್ತದೆ. ಯಾರಿಗೆ ಮೊದಲು ಕರೆ ಮಾಡಬೇಕು, ಯಾರ ಹಣವನ್ನು ತಡೆಹಿಡಿಯಬೇಕು ಎಂಬ ನಿರ್ಧಾರ ಐದು ನಿಮಿಷಗಳಲ್ಲಿ ಸಾಧ್ಯ. ಅದೇ ಕೋಷ್ಟಕದಲ್ಲಿ ಹಿಂದಿನ ತಿಂಗಳುಗಳನ್ನೂ ಸೇರಿಸಿದರೆ ಪ್ರತಿ ಬಾರಿಯೂ ತಡ ಮಾಡುವ ಮಾರಾಟಗಾರ ಯಾರೆಂಬುದೂ ತಿಳಿಯುತ್ತದೆ. ಬೆಲೆಯಲ್ಲಿ ಶೇ. 1ರ ರಿಯಾಯಿತಿ ಕೊಟ್ಟು ಶೇ. 18ರ ಜಮೆಯನ್ನು ತಡೆಯುವ ಮಾರಾಟಗಾರನು ನಿಜಕ್ಕೂ ಅಗ್ಗವೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ.

ಎರಡು ಎಚ್ಚರಿಕೆಗಳು ಅಗತ್ಯ. ಮೂಲ ದತ್ತಾಂಶ ಬದಲಾದರೂ ಪಿವಟ್ ಟೇಬಲ್ ತಾನಾಗಿ ಬದಲಾಗುವುದಿಲ್ಲವಾದ್ದರಿಂದ ಅದನ್ನು 'ರಿಫ್ರೆಶ್' ಮಾಡಿಯೇ ನೋಡಬೇಕು. ಪಠ್ಯವಾಗಿ ಉಳಿದ ಮೊತ್ತಗಳನ್ನು, ಉದಾಹರಣೆಗೆ ಹಿಂದೆ 'ಸಿಆರ್' ಎಂದು ಬರೆದಿರುವ ಬ್ಯಾಂಕಿನ ಅಂಕಿಗಳನ್ನು, 'ಸಮ್' ಸೂತ್ರವು ಸದ್ದಿಲ್ಲದೆ ಬಿಟ್ಟುಬಿಡುತ್ತದೆ.

ಈ ಕಾರಣದಿಂದಲೇ ಪ್ರತಿ ಹಂತದಲ್ಲಿಯೂ ಸಾಲುಗಳ ಎಣಿಕೆ ಮತ್ತು ಮೊತ್ತವನ್ನು ಹಿಂದಿನ ಹಂತದೊಂದಿಗೆ ಹೋಲಿಸಬೇಕು. ಅಸಲಿನಲ್ಲಿ 412 ಸಾಲುಗಳಿದ್ದರೆ ಶುದ್ಧದಲ್ಲಿಯೂ 412 ಇರಬೇಕು. ಈ ಸಣ್ಣ ಎಣಿಕೆಯ ಬೆಲೆ ಏನೆಂಬುದಕ್ಕೆ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಪ್ರಕರಣ ಸಾಕ್ಷಿ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಪ್ರಯೋಗಾಲಯಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ಮಾದರಿಯ ಕಡತಗಳಿಗೆ ತುಂಬಲಾಗುತ್ತಿತ್ತು. ಆ ಮಾದರಿಯಲ್ಲಿ 65,536 ಸಾಲುಗಳಿಗೆ ಮಾತ್ರ ಜಾಗವಿದೆ. ಮಿತಿ ಮೀರಿದವು ಹೊರಗುಳಿದು 15,841 ಸೋಂಕಿತರ ಮಾಹಿತಿ ದೈನಿಕ ವರದಿಗಳಿಂದ ಬಿಟ್ಟುಹೋಯಿತು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ತಡವಾಯಿತು. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂಬ ಒಂದೇ ಹೋಲಿಕೆ ಅದನ್ನು ಮೊದಲ ದಿನವೇ ಹಿಡಿಯುತ್ತಿತ್ತು.

ತಿದ್ದಿ ತಾಳೆ ಮಾಡುವ ಚಾಳಿ

ಅನೇಕ ಕಚೇರಿಗಳಲ್ಲಿ ಒಂದು ಚಾಳಿ ಬೇರೂರಿದೆ. ಅಂತರ ಬಂದ ಕಡೆ ಹಾಳೆಯಲ್ಲಿಯೇ ಅಂಕಿಯನ್ನು ತಿದ್ದಿ ತಾಳೆ ಮಾಡುವುದು ಈ ಚಾಳಿ. ಕೆಲಸ ಮುಗಿದಂತೆ ಕಾಣುತ್ತದೆ, ಮಾಲೀಕನಿಗೂ ಸಮಾಧಾನ. ಆದರೆ ಪುಸ್ತಕದಲ್ಲಿ ತಪ್ಪು ಹಾಗೆಯೇ ಉಳಿದು ವರ್ಷದ ಕೊನೆಯಲ್ಲಿ ಲೆಕ್ಕಪರಿಶೋಧನೆಯ ವೇಳೆಗೆ ದೊಡ್ಡದಾಗಿ ಎದುರು ನಿಲ್ಲುತ್ತದೆ. ಆ ಹೊತ್ತಿಗೆ ಯಾರು, ಯಾವಾಗ, ಏಕೆ ತಿದ್ದಿದರೆಂಬುದನ್ನು ಹೇಳುವವರಿರುವುದಿಲ್ಲ. ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಲೇಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾಧಾರಣ ಎಕ್ಸೆಲ್ ಹಾಳೆಯಲ್ಲಿ ಅಂಥ ಜಾಡು ಉಳಿಯುವುದಿಲ್ಲ.

ಶುದ್ಧೀಕರಣಕ್ಕೂ ತಿದ್ದುವಿಕೆಗೂ ನಡುವಿನ ಗೆರೆ ಸ್ಪಷ್ಟವಾಗಿರಬೇಕು. ಹಾಳೆಯಲ್ಲಿ ಬದಲಾಗಬಹುದಾದದ್ದು ಬರಹದ ರೂಪ ಮಾತ್ರ, ಎಂದರೆ ಗೆರೆ, ಜಾಗ, ಅಕ್ಷರ, ದಿನಾಂಕದ ವಿನ್ಯಾಸ. ಮೊತ್ತ ಬದಲಾಗಬೇಕಾದರೆ ಅದು ಪುಸ್ತಕದಲ್ಲಿ, ಆಧಾರ ಸಹಿತವಾದ ನಮೂದಿನ ಮೂಲಕ ಬದಲಾಗಬೇಕು. ಈ ಗೆರೆಯನ್ನು ದಾಟಿದ ಹಾಳೆ ಎಷ್ಟೇ ಅಂದವಾಗಿ ತಾಳೆಯಾದರೂ ಅದಕ್ಕೆ ಲೆಕ್ಕವೆಂಬ ಹೆಸರು ಸಲ್ಲದು.

ಚಿಲ್ಲರೆ ವ್ಯಾಪಾರಿಗೂ ಸಂಬಂಧಿಸಿದ್ದು

ಇದು ದೊಡ್ಡ ವಹಿವಾಟಿನವರ ಚಿಂತೆಯೆಂದು ಸಣ್ಣ ವ್ಯಾಪಾರಿಗಳು ಭಾವಿಸುವಂತಿಲ್ಲ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಮೊತ್ತವನ್ನು ಆಧರಿಸಿ ಅನೇಕ ಸಣ್ಣ ವರ್ತಕರಿಗೆ ನೋಟಿಸುಗಳನ್ನು ನೀಡಿತು. ವರ್ತಕರಿಂದ ಪ್ರತಿಭಟನೆಯೂ ನಡೆಯಿತು. ಆ ಕ್ರಮದ ಸರಿತಪ್ಪುಗಳ ಚರ್ಚೆ ಬೇರೆ. ಆದರೆ ಬ್ಯಾಂಕಿನ ಪಟ್ಟಿಯಲ್ಲಿ ಮಾರಾಟದ ಹಣ, ಮನೆಯವರು ಕಳುಹಿಸಿದ ಹಣ, ಕೈಸಾಲ ಎಲ್ಲವೂ ಒಂದೇ ಕಾಲಂನಲ್ಲಿರುತ್ತವೆ. ಹಾಲು, ತರಕಾರಿಗಳಂಥ ವಿನಾಯಿತಿ ಪಡೆದ ಸರಕುಗಳನ್ನು ಮಾತ್ರ ಮಾರುವವರಿಗೆ ನೋಂದಣಿಯ ಅಗತ್ಯವಿಲ್ಲದಿದ್ದರೂ ಅದನ್ನು ತೋರಿಸಿಕೊಡಬೇಕಾದವರು ಅವರೇ.

ಇಲ್ಲಿಯೂ ಮೇಲಿನ ಕ್ರಮವೇ ಅನ್ವಯಿಸುತ್ತದೆ. ಬ್ಯಾಂಕಿನ ಪಟ್ಟಿಯನ್ನು ಆಮದು ಮಾಡಿಕೊಂಡು, ಓರೆಗೆರೆಗಳಿಂದ ಕೂಡಿದ ವಿವರಣೆಯನ್ನು 'ಟೆಕ್ಸ್ಟ್ ಟು ಕಾಲಮ್ಸ್' ಮೂಲಕ ಬಿಡಿಸಿ, ತೆರಿಗೆಯುಳ್ಳ ಮಾರಾಟ, ವಿನಾಯಿತಿ ಮಾರಾಟ, ಸ್ವಂತ ಹಣ, ಸಾಲ ಎಂಬ ವರ್ಗಗಳನ್ನು ಪ್ರತ್ಯೇಕ ಕಾಲಂನಲ್ಲಿ ಗುರುತಿಸಬೇಕು. ತಿಂಗಳುವಾರು ಪಿವಟ್ ಟೇಬಲ್ ಒಂದೇ ಪುಟದಲ್ಲಿ ಉತ್ತರ ಕೊಡುತ್ತದೆ. ಆಯಾ ತಿಂಗಳೇ ಮಾಡಿದರೆ ಇದು ಅರ್ಧ ಗಂಟೆಯ ಕೆಲಸ. ನಾಲ್ಕು ವರ್ಷಗಳ ನಂತರ ನೋಟಿಸು ಕೈಗೆ ಬಂದ ಮೇಲೆ ಮಾಡಹೊರಟರೆ ಯಾವ ಹಣ ಯಾರದೆಂಬುದು ಯಾರಿಗೂ ನೆನಪಿರುವುದಿಲ್ಲ.

ಹೊಣೆ ಯಾರದು?

ಬೀಜಕ ತಾಳೆಯನ್ನು ತಂತ್ರಾಂಶಗಳೇ ಮಾಡುತ್ತವೆಯಲ್ಲ ಎಂಬ ಆಕ್ಷೇಪ ಸಹಜ. ಅವು ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಂತ್ರಾಂಶವೂ ಯಾವುದೋ ನಿಯಮದ ಪ್ರಕಾರವೇ ಎರಡು ಸಾಲುಗಳನ್ನು ಒಂದೆಂದು ತೀರ್ಮಾನಿಸುತ್ತದೆ. ಆ ನಿಯಮವನ್ನು ಅರಿಯದವನು ಅದರ ಫಲಿತಾಂಶವನ್ನು ಪ್ರಶ್ನಿಸಲಾರ. ಲೆಕ್ಕಪರಿಶೋಧಕರು ನೋಡಿಕೊಳ್ಳುತ್ತಾರೆಂಬುದು ಇನ್ನೊಂದು ಮಾತು. ಲೆಕ್ಕಪರಿಶೋಧಕನಿಗೆ ಕಾಣುವುದು ವರ್ಷದ ಕೊನೆಯ ಚಿತ್ರ. ಬಿಲ್ಲು ಗೋದಾಮಿನಲ್ಲಿ ಉಳಿದಿದೆಯೇ, ಸರಕು ಬಂದಿದೆಯೇ ಎಂಬುದು ತಿಳಿದಿರುವುದು ಅಂಗಡಿಯವರಿಗೆ ಮಾತ್ರ.

ತಪ್ಪು ಹುಟ್ಟುವ ಮೊದಲೇ ತಡೆಯುವ ದಾರಿಗಳೂ ಇವೆ. ಇ-ಬೀಜಕದ ಕ್ಯೂಆರ್ ಸಂಕೇತದಲ್ಲಿ ಮಾರಾಟಗಾರನ ನೋಂದಣಿ ಸಂಖ್ಯೆ, ಬೀಜಕದ ಸಂಖ್ಯೆ, ದಿನಾಂಕ ಮತ್ತು ಮೌಲ್ಯ ಅಡಕವಾಗಿವೆ. 2023ರ ಆಗಸ್ಟ್ 1ರಿಂದ ರೂ. 5 ಕೋಟಿಗಿಂತ ಹೆಚ್ಚಿನ ವಹಿವಾಟಿನವರಿಗೆ ಇ-ಬೀಜಕ ಕಡ್ಡಾಯವಾಗಿರುವುದರಿಂದ ಬಹಳಷ್ಟು ಖರೀದಿಗಳಿಗೆ ಈ ಅನುಕೂಲ ಲಭ್ಯ. ಬೀಜಕ ಸಂಖ್ಯೆಯನ್ನು ಕಾಗದದ ಮೇಲೆ ಇದ್ದಂತೆಯೇ, ಒಂದು ಗೆರೆಯನ್ನೂ ಬಿಡದೆ ಬರೆಯಬೇಕೆಂಬ ಕಟ್ಟುಪಾಡನ್ನು ಪ್ರತಿ ಕಚೇರಿಯೂ ಮಾಡಿಕೊಳ್ಳಬಹುದು. ವಾಣಿಜ್ಯ ಮಂಡಳಿಗಳು ತಮ್ಮ ಸದಸ್ಯರಿಗೆ ಸರಳವಾದ, ಚಿಕ್ಕದಾದ ಬೀಜಕ ಸರಣಿಗಳನ್ನು ಬಳಸುವಂತೆ ಸಲಹೆ ನೀಡಬಹುದು. ತೆರಿಗೆ ಕಾನೂನಿನ ಕುರಿತು ನಡೆಸುವ ಕಾರ್ಯಾಗಾರಗಳ ಜೊತೆಗೆ, ಗುಮಾಸ್ತರಿಗಾಗಿಯೇ ಗಣಕಯಂತ್ರದ ಮುಂದೆ ಕುಳಿತು ಕಲಿಯುವ ತರಬೇತಿಯನ್ನೂ ನಡೆಸಬಹುದು. ಕಾನೂನಿನ ತಿಳಿವಳಿಕೆ ಮಾಲೀಕನಲ್ಲಿಯೂ ಕೀಲಿಮಣೆ ನೌಕರನ ಕೈಯಲ್ಲಿಯೂ ಇರುವವರೆಗೆ ನಡುವಿನ ಕಂದಕದಲ್ಲಿ ಹಣ ಸೋರುತ್ತಲೇ ಇರುತ್ತದೆ.

ಮಾಲೀಕನು ಸೂತ್ರಗಳನ್ನು ಕಲಿಯಬೇಕಾಗಿಲ್ಲ. ತನ್ನ ಮೇಜಿಗೆ ಬರುವ ಪ್ರತಿ ತಾಳೆ ಪಟ್ಟಿಯ ತಲೆಯಲ್ಲಿ ಎರಡೂ ಕಡೆಯ ಬೀಜಕಗಳ ಎಣಿಕೆ, ಎರಡೂ ಕಡೆಯ ಮೊತ್ತ ಮತ್ತು ಅಂತರದ ಬಿಡಿವಿವರ ಇರಬೇಕೆಂದು ಆತನು ಪಟ್ಟುಹಿಡಿದರೆ ಸಾಕು. ಅಂತರವು ಯಾವ ಯಾವ ಬೀಜಕಗಳಿಂದ ಉಂಟಾಯಿತೆಂಬ ವಿವರ ಪೈಸೆಯವರೆಗೆ ಹೊಂದದಿದ್ದರೆ ಆ ಪಟ್ಟಿಯನ್ನು ಹಿಂದಿರುಗಿಸಬೇಕು. ಹಿಂದಿನ ಕಾಲದ ವರ್ತಕರು ದಿನದ ಕೊನೆಯಲ್ಲಿ ಗಲ್ಲಾಪೆಟ್ಟಿಗೆಯ ನಗದನ್ನು ಕಿರ್ದಿಯೊಂದಿಗೆ ತಾಳೆ ನೋಡದೆ ಅಂಗಡಿಯ ಬಾಗಿಲು ಹಾಕುತ್ತಿರಲಿಲ್ಲ. ಇಂದು ತೆರಿಗೆ ಜಮೆಯೂ ನಗದಿಗೆ ಸಮಾನ. ಅದಕ್ಕೂ ಅಷ್ಟೇ ನಿಷ್ಠೆಯ ಎಣಿಕೆ ಸಲ್ಲಬೇಕು.